ಜನರಲ್ ಬೋಗಿಯಿಂದ ನಳದವರೆಗೆ ಇನ್ನೂರ ಹನ್ನೆರಡು ಹೆಜ್ಜೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಊಟ, ಚಹಾ ಮತ್ತು ಕುಡಿಯುವ ನೀರಿನ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ,

ಶರಣು.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಮನೆ ಕಲಬುರಗಿಯಲ್ಲಿ, ಮಗಳು ಬೆಂಗಳೂರಿನಲ್ಲಿ. ಹೀಗಾಗಿ ವರ್ಷಕ್ಕೆ ನಾಲ್ಕೈದು ಸಲವಾದರೂ ನಿಮ್ಮ ಗಾಡಿ ಹತ್ತುತ್ತೇನೆ. ಈ ಪತ್ರವನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಬಹುದಿತ್ತು. ಯಾವ ವಿಳಾಸ ಬರೆಯಬೇಕೆಂಬಲ್ಲೇ ತೊಡಕಾಯಿತು. ಕಲಬುರಗಿ ಸೊಲ್ಲಾಪುರ ವಿಭಾಗಕ್ಕೆ ಸೇರಿದೆ, ಯಾದಗಿರಿ ಗುಂತಕಲ್ ವಿಭಾಗಕ್ಕೆ, ಬೀದರ್ ಸಿಕಂದರಾಬಾದ್ ವಿಭಾಗಕ್ಕೆ. ಒಂದೇ ಸೀಮೆಯ ಮೂರು ಜಿಲ್ಲೆಗಳಿಗೆ ಮೂವರು ಯಜಮಾನರು, ಮೂವರ ಮನೆಯೂ ರಾಜ್ಯದ ಆಚೆ. ಕಲಬುರಗಿಗೇ ಒಂದು ವಿಭಾಗೀಯ ಕಚೇರಿ ಎಂದು ಘೋಷಣೆಯಾಗಿ ಹತ್ತು ವರ್ಷ ದಾಟಿತು. ಆ ಮಾತು ಇವತ್ತು ಬೇಡ. ಇವತ್ತು ನೀರಿನ ಮಾತಷ್ಟೇ.

ಮೇ ತಿಂಗಳ ಒಂದು ಮಧ್ಯಾಹ್ನ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿರಬೇಕು. ನಲವತ್ತಮೂರು ಡಿಗ್ರಿಗೆ ನಾವು ಬಿಸಿಲು ಎನ್ನುವುದೇ ಇಲ್ಲ, ಬೇಸಿಗೆ ಎನ್ನುತ್ತೇವೆ ಅಷ್ಟೆ. ನಾನು ಸ್ಲೀಪರ್ ಬೋಗಿಯಲ್ಲಿದ್ದೆ. ಅದರ ಮುಂದಿನದೇ ಜನರಲ್ ಬೋಗಿ. ಬಾಗಿಲಿನ ಮೆಟ್ಟಿಲವರೆಗೂ ಜನ. ಗಾಡಿ ಒಂದು ನಿಲ್ದಾಣದಲ್ಲಿ ನಿಂತಿತು. ಅದರ ಹೆಸರು ಬರೆಯುವುದಿಲ್ಲ; ಬರೆದರೆ ಅಲ್ಲಿ ಚಹಾ ಮಾರುವ ಹುಡುಗನ ಕೆಲಸ ಹೋದೀತೇ ಹೊರತು ಬೇರೆ ಯಾರಿಗೂ ಏನೂ ಆಗದು. ಜನರಲ್ ಬೋಗಿಯ ಕಿಟಕಿಯಿಂದ ಒಬ್ಬ ತಾಯಿ ಎರಡು ಖಾಲಿ ಬಾಟಲಿಗಳನ್ನು ಕೆಳಗಿಳಿದ ಗಂಡನ ಕೈಗೆ ಕೊಟ್ಟಳು. ಮಡಿಲಲ್ಲಿ ವರ್ಷ ತುಂಬದ ಕೂಸು. ಆತ ಓಡಿದ. ಮೊದಲ ನಳ ಒಣಗಿತ್ತು. ಎರಡನೆಯದರ ಸುತ್ತ ಜಾತ್ರೆ. ಒಂದು ಬಾಟಲಿ ತುಂಬುವಷ್ಟರಲ್ಲಿ ಗಾಡಿ ಹೊರಟಿತು. ಆತ ಓಡಿ ಬಂದು ಯಾವುದೋ ಬೋಗಿಯ ಸರಳು ಹಿಡಿದದ್ದು ನನಗೆ ಕಂಡಿತು. ಆಕೆಗೆ ಕಾಣಲಿಲ್ಲ.

ಮುಂದಿನ ನಿಲ್ದಾಣ ಬರುವವರೆಗಿನ ಮುಕ್ಕಾಲು ಗಂಟೆ ಆಕೆ ಹೇಗೆ ಕಳೆದಿರಬೇಕೆಂದು ನಾನು ವರ್ಣಿಸುವುದಿಲ್ಲ. ಆ ಬೋಗಿಗೂ ನಮ್ಮದಕ್ಕೂ ಒಳದಾರಿ ಮುಚ್ಚಿತ್ತು. ನಿಮ್ಮ ಗಂಡ ಗಾಡಿಯಲ್ಲೇ ಇದ್ದಾನೆ ತಾಯಿ ಎಂದು ಹೇಳಿ ಕಳುಹಿಸಲೂ ದಾರಿಯಿರಲಿಲ್ಲ. ಗಾಡಿ ನಿಂತ ಕೂಡಲೇ ಇಳಿದು ಆ ಕಿಟಕಿಗೆ ಹೋದೆ. ಆತ ನನಗಿಂತ ಮೊದಲೇ ಬಂದಿದ್ದ. ಕೈಯಲ್ಲಿ ಒಂದೇ ಬಾಟಲಿ, ಕಾಲಲ್ಲಿ ಒಂದೇ ಚಪ್ಪಲಿ. ಆಕೆ ಮೊದಲು ಬೈದದ್ದು ಚಪ್ಪಲಿಗೆ. ಆಮೇಲೆ ಅತ್ತಳು. ಯಾದಗಿರಿ ಕಡೆಯ ತಾಂಡಾದವರು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಟವರು. ರೊಟ್ಟಿಯ ಗಂಟು ಕಟ್ಟಿಕೊಂಡಿದ್ದರು, ಹಿಂಡಿ ಎಂದರೆ ಚಟ್ನಿಪುಡಿ ಇತ್ತು, ಉಳ್ಳಾಗಡ್ಡಿ ಇತ್ತು. ಇಲ್ಲದ್ದು ನೀರು.

ಎರಡು ವಾರದ ನಂತರ ನಾನು ಆ ನಿಲ್ದಾಣಕ್ಕೆ ಮತ್ತೆ ಹೋದೆ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು, ಅದೇ ಗಾಡಿ ಬಂದು ನಿಂತಾಗ ಜನರಲ್ ಬೋಗಿಯ ಬಾಗಿಲಿನಿಂದ ನೀರು ಬರುವ ನಳದವರೆಗೆ ಹೆಜ್ಜೆ ಎಣಿಸಿದೆ. ಇನ್ನೂರ ಹನ್ನೆರಡು. ಹೋಗಿ ಬರಲು ನಾನೂರ ಇಪ್ಪತ್ತನಾಲ್ಕು. ಗಾಡಿ ನಿಲ್ಲುವುದು ಎರಡೋ ಮೂರೋ ನಿಮಿಷ. ಚಹಾದ ಅಂಗಡಿ, ತಿಂಡಿಯ ಕೌಂಟರು, ತಣ್ಣೀರಿನ ಯಂತ್ರ ಎಲ್ಲವೂ ಪ್ಲಾಟ್‌ಫಾರ್ಮಿನ ನಡುವೆ, ಎ.ಸಿ. ಬೋಗಿಗಳ ಎದುರಿಗೆ. ಒಳಗೆ ಕುಳಿತಲ್ಲಿಗೇ ನೀರು ತರಿಸಿಕೊಳ್ಳಬಲ್ಲವನ ಮುಂದೆ ನೀರಿದೆ. ತುದಿಯ ಬೋಗಿಯಲ್ಲಿ ನಿಂತುಕೊಂಡೇ ಹೋಗುವವನು ಓಡಬೇಕು. ಬೇಕೆಂದು ಯಾರೂ ಹೀಗೆ ಮಾಡಿರಲಾರರು ಎಂದು ನಂಬುತ್ತೇನೆ. ಆದರೆ ಇತಿಹಾಸ ಕಲಿಸಿದವನಾದ್ದರಿಂದ, ಇದು ನಿನ್ನೆ ಮೊನ್ನೆ ಆದದ್ದಲ್ಲ ಎಂಬುದೂ ಗೊತ್ತು.

ಮುಂಬಯಿಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಮೂರು ವರ್ಷಕ್ಕೆ, 1874ರಲ್ಲಿ, ನಿಜಾಮರ ಹಳಿ ವಾಡಿಯಿಂದ ಸಿಕಂದರಾಬಾದಿಗೆ ಕವಲೊಡೆಯಿತು. ಅಂದಿನಿಂದ ನಮ್ಮ ಸೀಮೆ ದೇಶದ ದೊಡ್ಡ ದಾರಿಯೊಂದರ ಮೇಲಿದೆ. ಆ ಕಾಲದ ರೈಲು ಕಂಪನಿಗಳು ಊಟದ ವ್ಯವಸ್ಥೆ ಮಾಡಲೇ ಇಲ್ಲವೆಂದಲ್ಲ. ಉತ್ತರದಲ್ಲಿ ಕೆಲ್ನರ್, ನಮ್ಮ ಈ ಹಳಿಯ ಮೇಲೆ ಬ್ರ್ಯಾಂಡನ್, ದಕ್ಷಿಣದಲ್ಲಿ ಸ್ಪೆನ್ಸರ್ ಹೀಗೆ ಗುತ್ತಿಗೆದಾರ ಕಂಪನಿಗಳು ದೊಡ್ಡ ನಿಲ್ದಾಣಗಳಲ್ಲಿ ಉಪಾಹಾರ ಕೋಣೆಗಳನ್ನು ನಡೆಸಿದವು. ಬಿಳಿ ಮೇಜುಬಟ್ಟೆ, ಸೂಪು, ಕಟ್ಲೆಟ್ಟು, ಕೈಕಟ್ಟಿ ನಿಂತ ಬೇರರ್. ಅದೆಲ್ಲ ಮೇಲಿನ ದರ್ಜೆಯ ಸಾಹೇಬರಿಗೆ. ಮೂರನೆಯ ದರ್ಜೆಯವರಿಗೆ ಪ್ಲಾಟ್‌ಫಾರ್ಮಿನ ಮೇಲೆ ನೀರು ಹೊತ್ತವನೇ ಗತಿ. ಆ ನೀರಿಗೂ ಜಾತಿ: ಹಿಂದೂ ಪಾನಿ ಒಂದು ಕಡೆ, ಮುಸಲ್ಮಾನ್ ಪಾನಿ ಇನ್ನೊಂದು ಕಡೆ. ಈ ಎರಡರಲ್ಲಿ ಯಾವುದನ್ನೂ ಮುಟ್ಟಲು ಬಿಡದ ಜನ ಏನು ಮಾಡಿದರು ಎಂದು ಕೇಳುವವರು ಕಡಿಮೆ. 1901ರ ಸುಮಾರಿಗೆ ಬಾಲಕ ಭೀಮರಾವ್ ಅಂಬೇಡ್ಕರ್ ಅಣ್ಣ ಮತ್ತು ಅಕ್ಕನ ಮಕ್ಕಳೊಂದಿಗೆ ಸಾತಾರಾದಿಂದ ತಂದೆಯನ್ನು ನೋಡಲು ಹೊರಟು ಮಸೂರ್ ನಿಲ್ದಾಣದಲ್ಲಿ ಇಳಿದರು. ಮುಂದಿನ ಎತ್ತಿನಗಾಡಿಯ ದಾರಿಯಲ್ಲಿ ಮಕ್ಕಳ ಬಳಿ ಬುತ್ತಿ ತುಂಬ ಊಟವಿತ್ತು. ಕುಡಿಯಲು ಯಾರೂ ನೀರು ಕೊಡಲಿಲ್ಲವಾದ್ದರಿಂದ ಉಣ್ಣದೆ ಮಲಗಿದರು. ಆ ತಾಂಡಾದ ತಾಯಿಯ ಮಡಿಲಿನ ರೊಟ್ಟಿಯ ಗಂಟು ನೋಡಿದಾಗ ನನಗೆ ನೆನಪಾದದ್ದು ಈ ಮಕ್ಕಳೇ. ಅಲ್ಲಿ ಅಡ್ಡ ನಿಂತದ್ದು ಜಾತಿ, ಇಲ್ಲಿ ಹೆಜ್ಜೆ. ಎರಡೂ ಒಂದೇ ಎನ್ನುವಷ್ಟು ಮೂರ್ಖ ನಾನಲ್ಲ. ಬುತ್ತಿ ಬಿಚ್ಚಲಾಗದ ಹಸಿವು ಮಾತ್ರ ಒಂದೇ.

ಇನ್ನೊಂದು ಪ್ರಯಾಣ ನಮ್ಮ ಮನೆಯ ಮುಂದಿನದು. 1917ರ ಸೆಪ್ಟೆಂಬರ್ 12ರಂದು ಗಾಂಧೀಜಿ ಮುಂಬಯಿಯಲ್ಲಿ ಮದ್ರಾಸಿಗೆ ಮೂರನೆಯ ದರ್ಜೆಯ ಟಿಕೆಟ್ ಕೊಂಡರು, ಹದಿಮೂರು ರೂಪಾಯಿ ಒಂಬತ್ತಾಣೆ. ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ಸಹಿಸಲಾರದಷ್ಟಾಯಿತು ಎಂದು ಅವರೇ ಬರೆದಿದ್ದಾರೆ. ರಾಯಚೂರು ಸೇರುವ ಮೊದಲು ಆ ಗಾಡಿ ನಮ್ಮ ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿಗಳನ್ನು ಹಾಯಲೇಬೇಕು. ದಾರಿಯಲ್ಲಿ ಸಿಕ್ಕ ಚಹಾದ ಬಗ್ಗೆ ಅವರು ಬರೆದದ್ದನ್ನು ಓದಿದರೆ ಇವತ್ತಿಗೂ ನಾಲಿಗೆ ಒಗರಾಗುತ್ತದೆ: ಒಗರು ನೀರು, ಕೊಳಕು ಸಕ್ಕರೆ, ಹಾಲು ಎಂದು ಕರೆಯುವ ಬೆಳ್ಳಗಿನ ಒಂದು ದ್ರವ, ಎಲ್ಲ ಕೂಡಿ ಕೆಸರಿನ ಬಣ್ಣ. ನೋಟಕ್ಕೆ ತಾನು ಸಾಕ್ಷಿ, ರುಚಿಗೆ ಸಹಪ್ರಯಾಣಿಕರು ಸಾಕ್ಷಿ ಎಂದೂ ಸೇರಿಸಿದರು. ತಾವು ಕುಡಿಯದ್ದಕ್ಕೆ ತಾವೇ ಸಾಕ್ಷಿ ಹೇಳುವ ಜಾಯಮಾನ ಅವರದಲ್ಲ. ತಿಂಡಿಯ ರುಚಿಯನ್ನು ಮೊದಲು ನೋಡಿದ್ದು ಲಕ್ಷಾಂತರ ನೊಣಗಳು ಎಂಬ ಮಾತೂ ಅಲ್ಲೇ ಇದೆ. ಸೆಪ್ಟೆಂಬರ್ 25ರಂದು ರಾಂಚಿಯಿಂದ ಅವರು ಇದನ್ನೆಲ್ಲ ಪತ್ರಿಕೆಗಳಿಗೆ ಬರೆದರು. ಅದೂ ಒಂದು ಬಹಿರಂಗ ಪತ್ರವೇ.

ಆ ಪತ್ರದಲ್ಲಿ ನನಗೆ ಹಿಡಿಸಿದ್ದು ನೊಣವಲ್ಲ, ಲೆಕ್ಕ. ಮೊದಲ ದರ್ಜೆಯ ಟಿಕೆಟ್ಟಿನ ಬೆಲೆ ಮೂರನೆಯದರ ಐದು ಪಟ್ಟಿಗಿಂತ ಹೆಚ್ಚು. ಸರಿ, ಮೂರನೆಯ ದರ್ಜೆಯವನಿಗೆ ಮೊದಲ ದರ್ಜೆಯ ಸೌಕರ್ಯದ ಐದನೆಯ ಒಂದು ಭಾಗ, ಹೋಗಲಿ ಹತ್ತನೆಯ ಒಂದು ಭಾಗವಾದರೂ ಸಿಗುತ್ತದೆಯೇ ಎಂದು ಅವರು ಕೇಳಿದರು. ದಯೆ ಕೇಳಲಿಲ್ಲ, ಕೊಟ್ಟ ದುಡ್ಡಿನ ಪಾಲು ಕೇಳಿದರು. ನಾನೂ ಅದನ್ನೇ ಕೇಳುತ್ತಿದ್ದೇನೆ. ಎ.ಸಿ. ಬೋಗಿಯವನಿಗೆ ನಳ ಹತ್ತು ಹೆಜ್ಜೆ ಎಂದಿಟ್ಟುಕೊಳ್ಳಿ. ಐದು ಪಟ್ಟು ಎಂದರೂ ಐವತ್ತು ಹೆಜ್ಜೆ. ಇನ್ನೂರ ಹನ್ನೆರಡು ಯಾವ ಲೆಕ್ಕ?

ನಿಮ್ಮನ್ನಷ್ಟೇ ದೂರಿದರೆ ತಪ್ಪಾದೀತು. ರೈಲು ಹುಟ್ಟಿದ ನಾಡಿನಲ್ಲೂ ಇದೇ ರೋಗವಿತ್ತು. ಇಂಗ್ಲೆಂಡಿನ ಸ್ವಿಂಡನ್ ನಿಲ್ದಾಣವನ್ನು ಕಟ್ಟಿಕೊಟ್ಟ ಗುತ್ತಿಗೆದಾರರಿಗೆ ಹಣದ ಬದಲು ಉಪಾಹಾರ ಕೋಣೆಯನ್ನು ತೊಂಬತ್ತೊಂಬತ್ತು ವರ್ಷಕ್ಕೆ ಬರೆದುಕೊಟ್ಟರು. ಜೊತೆಗೆ, ಗಾಡಿಗಳೆಲ್ಲ ಅಲ್ಲಿ ಹತ್ತು ನಿಮಿಷ ನಿಂತೇ ಹೋಗುತ್ತವೆ ಎಂಬ ಮಾತನ್ನೂ ಕೊಟ್ಟರು. ಗಿರಾಕಿ ಬೇರೆಡೆ ಹೋಗಲಾರ, ನಾಳೆ ಮತ್ತೆ ಬರುವವನೂ ಅಲ್ಲ. ಇನ್ನು ಒಳ್ಳೆಯ ಕಾಫಿ ಯಾಕೆ ಕಾಸಬೇಕು? 1842ರಲ್ಲಿ ಆ ರೈಲುದಾರಿಯ ಮುಖ್ಯ ಎಂಜಿನಿಯರ್ ಬ್ರೂನೆಲ್ ಅಲ್ಲಿಯ ಮಾಲೀಕನಿಗೆ ಬರೆದ ಕಾಗದ ಉಳಿದುಬಂದಿದೆ. ನಿಮ್ಮಲ್ಲಿ ಕಾಫಿ ಎಂಬ ವಸ್ತು ಇದೆಯೆಂದೇ ನಾನು ನಂಬಿಲ್ಲ, ಅದರ ರುಚಿಯಂತೂ ನನಗೆ ಸಿಕ್ಕಿಲ್ಲ ಎಂಬ ಧಾಟಿಯ ಕಾಗದ. ಹಳಿ ಹಾಕಿಸಿದವನಿಗೇ ಆ ಹಳಿಯ ಮೇಲೆ ಒಂದು ಲೋಟ ಕಾಫಿ ಸಿಗಲಿಲ್ಲ! ಆ ಕರಾರಿನಿಂದ ಬಿಡಿಸಿಕೊಳ್ಳಲು ರೈಲ್ವೆ ಕಂಪನಿ 1895ರಲ್ಲಿ ಒಂದು ಲಕ್ಷ ಪೌಂಡ್ ತೆರಬೇಕಾಯಿತು. ಅಮೆರಿಕದಲ್ಲಿ ಮಾತ್ರ ಫ್ರೆಡ್ ಹಾರ್ವಿ ಎಂಬ ಹೋಟೆಲಿನವನು 1876ರಿಂದ ಬೇರೆ ದಾರಿ ಹಿಡಿದ. ಗಾಡಿಯಲ್ಲಿ ಎಷ್ಟು ಜನ ಉಣ್ಣುವವರಿದ್ದಾರೆಂದು ಮುಂದಿನ ನಿಲ್ದಾಣಕ್ಕೆ ಮೊದಲೇ ತಂತಿ ಹೋಗುತ್ತಿತ್ತು. ಗಾಡಿ ನಿಲ್ಲುವಷ್ಟರಲ್ಲಿ ತಟ್ಟೆ ಸಿದ್ಧವಾಗಿರುತ್ತಿತ್ತು. ತಂತಿ ಬಳಸಿ ಆತ ಮಾಡಿದ್ದನ್ನು ನೀವು ಮೊಬೈಲ್ ಬಳಸಿ ಮಾಡುತ್ತಿದ್ದೀರಿ, ಅದನ್ನು ಮೆಚ್ಚುತ್ತೇನೆ. ಕುಳಿತ ಸೀಟಿಗೇ ಬಿಸಿ ಊಟ ಬರುತ್ತದೆ. ಆದರೆ ಅದಕ್ಕೆ ಪಿಎನ್‌ಆರ್ ಸಂಖ್ಯೆ ಬೇಕು. ಜನರಲ್ ಟಿಕೆಟ್ಟಿನ ಮೇಲೆ ಆ ಸಂಖ್ಯೆಯೇ ಇರುವುದಿಲ್ಲ. ತುದಿಯ ಬೋಗಿಯವನು ಇಲ್ಲಿಯೂ ಲೆಕ್ಕಕ್ಕಿಲ್ಲ.

ನಮ್ಮಲ್ಲಿ ಗುತ್ತಿಗೆಯ ಕಥೆ ಇನ್ನೂ ಮಜವಾಗಿದೆ. ರೈಲ್ವೆಯ ಊಟ ನೋಡಿಕೊಳ್ಳಲೆಂದೇ 1999ರಲ್ಲಿ ಐಆರ್‌ಸಿಟಿಸಿ ಎಂಬ ನಿಗಮ ಹುಟ್ಟಿತು. 2005ರ ನೀತಿ ಕೆಲಸವನ್ನು ಅದರ ಕೈಗೆ ಕೊಟ್ಟಿತು. 2010ರ ನೀತಿ ಬಹುಪಾಲು ಕಿತ್ತುಕೊಂಡು ರೈಲ್ವೆಯ ವಲಯ ಕಚೇರಿಗಳಿಗೆ ಕೊಟ್ಟಿತು. 2017ರ ನೀತಿ ಮತ್ತೆ ನಿಗಮದ ಕಡೆ ಹೊರಳಿತು. ಪಾತ್ರೆ ಈ ಒಲೆಯಿಂದ ಆ ಒಲೆಗೆ ಹೋಯಿತು, ಒಳಗಿನ ಸಾರು ಅದೇ. ಯಾಕೆಂದರೆ ಅಂಗಡಿ ಸಿಗುವುದು ಹೆಚ್ಚು ಪರವಾನಗಿ ಶುಲ್ಕ ಕೂಗಿದವನಿಗೆ. ಕೂಗಿದ ದುಡ್ಡು ಎಲ್ಲಿಂದಾದರೂ ಹುಟ್ಟಬೇಕಲ್ಲ. ಮೊದಲು ಹಾಲಿನಿಂದ ಹುಟ್ಟುತ್ತದೆ, ಆಮೇಲೆ ಲೋಟದ ಅಳತೆಯಿಂದ, ಕೊನೆಗೆ ಮಾರುವ ಹುಡುಗನ ಕೂಲಿಯಿಂದ. ಆ ದಿನ ನೀರಿನ ಬಾಟಲಿಗೆ ನನ್ನಿಂದ ಮುದ್ರಿತ ಬೆಲೆಗಿಂತ ಐದು ರೂಪಾಯಿ ಹೆಚ್ಚು ತೆಗೆದುಕೊಂಡ ಹುಡುಗ ಮುಖ ಕೆಳಗೆ ಹಾಕಿಕೊಂಡೇ ತೆಗೆದುಕೊಂಡ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ರಸೀದಿ ಕೇಳಿದೆ, ಯಂತ್ರ ಕೆಟ್ಟಿದೆ ಎಂದ. ಬಿಲ್ಲು ಕೊಡದಿದ್ದರೆ ಊಟ ಉಚಿತ ಎಂದು 2018ರಲ್ಲಿ ರೈಲ್ವೆಯೇ ಸಾರಿತ್ತು. ಎರಡು ನಿಮಿಷ ನಿಲ್ಲುವ ಗಾಡಿಯ ಕಿಟಕಿಯಲ್ಲಿ ಆ ಹಕ್ಕು ಚಲಾಯಿಸಿ ನೋಡಿ, ಗೊತ್ತಾಗುತ್ತದೆ. ರೈಲ್ವೆಯದೇ ಆದ ರೈಲ್ ನೀರ್ ಬಾಟಲಿಯ ಬೆಲೆ 2025ರ ಸೆಪ್ಟೆಂಬರಿನಲ್ಲಿ ಲೀಟರಿಗೆ 15ರಿಂದ 14 ರೂಪಾಯಿಗೆ ಇಳಿಯಿತು. ಒಳ್ಳೆಯ ಕೆಲಸ. ಇಳಿದ ಆ ಒಂದು ರೂಪಾಯಿ ಚಿಲ್ಲರೆ ಇಲ್ಲ ಎಂಬ ನೆಪದಲ್ಲಿ ಕೌಂಟರಿನ ಆಚೆಗೇ ಉಳಿಯುತ್ತದೆ ಎಂಬುದನ್ನು ಮಾತ್ರ ನಿಮ್ಮ ಗಮನಕ್ಕೆ ತರುತ್ತೇನೆ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಹೊಸದೇನನ್ನೂ ನಾನು ಕೇಳುತ್ತಿಲ್ಲ. 2023ರಲ್ಲಿ ರೈಲ್ವೆ ಮಂಡಳಿಯೇ ಒಂದು ಆದೇಶ ಹೊರಡಿಸಿತು: ಜನರಲ್ ಬೋಗಿಯವರಿಗಾಗಿ 20 ರೂಪಾಯಿಗೆ ಏಳು ಪೂರಿ, ಆಲೂ ಪಲ್ಯ, ಉಪ್ಪಿನಕಾಯಿ, 50 ರೂಪಾಯಿಗೆ ಅನ್ನದ ಅಥವಾ ಬೇರೆ ಬಗೆಯ ಊಟ, 3 ರೂಪಾಯಿಗೆ 200 ಮಿಲಿಲೀಟರಿನ ಮೊಹರು ಮಾಡಿದ ನೀರಿನ ಲೋಟ. ಅದರಲ್ಲಿ ಬಂಗಾರದಂಥ ಒಂದು ವಾಕ್ಯವಿದೆ. ಈ ಕೌಂಟರುಗಳು ಜನರಲ್ ಬೋಗಿ ನಿಲ್ಲುವ ಜಾಗಕ್ಕೆ ಸರಿಯಾಗಿ ಇರಬೇಕು ಎಂಬ ವಾಕ್ಯ. ಅದನ್ನು ಬರೆದವರು ಯಾರೋ, ಒಮ್ಮೆಯಾದರೂ ಬಾಟಲಿ ಹಿಡಿದು ಓಡಿದವರಿರಬೇಕು. ನಾನು ಹೆಜ್ಜೆ ಎಣಿಸಿದ ನಿಲ್ದಾಣದಲ್ಲಿ ಅಂಥ ಕೌಂಟರು ನನ್ನ ಕಣ್ಣಿಗೆ ಬೀಳಲಿಲ್ಲ. ಮೂರೂ ಜಿಲ್ಲೆಗಳಲ್ಲಿ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿನ ಗಾಡಿ ನಿಲ್ಲುವ ಪ್ರತಿ ನಿಲ್ದಾಣದಲ್ಲೂ ಆ ವಾಕ್ಯವನ್ನು ಜಾರಿಗೆ ತನ್ನಿ. ಕೌಂಟರು ಕಟ್ಟಲು ಟೆಂಡರು, ಸಮಿತಿ ಎಂದು ತಡವಾಗುವುದಾದರೆ ತಳ್ಳುಗಾಡಿ ಸಾಕು. ತಳ್ಳುಗಾಡಿಗೂ ತಡವಾಗುವುದಾದರೆ ಪ್ಲಾಟ್‌ಫಾರ್ಮಿನ ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ನಳ ಹಾಕಿಸಿ. ಮಾರ್ಚಿನಿಂದ ಜೂನಿನವರೆಗೆ ಅವುಗಳಲ್ಲಿ ನೀರು ಬರುತ್ತದೆಯೇ ಎಂದು ದಿನಕ್ಕೊಮ್ಮೆ ತಿರುಗಿಸಿ ನೋಡುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆದಿಡಿ. ಹುದ್ದೆಗೆ ಬರೆಯಬೇಡಿ, ಹೆಸರಿಗೆ ಬರೆಯಿರಿ. ಮೊದಲೆಲ್ಲ ಊರಿನ ಯುವಕರು, ಸಂಘದವರು ಬೇಸಿಗೆಯಲ್ಲಿ ಬಕೆಟ್ ಹಿಡಿದು ಕಿಟಕಿ ಕಿಟಕಿಗೆ ನೀರು ಕೊಡುತ್ತಿದ್ದರು. ಅವರಿಗೆ ಅನುಮತಿಯ ಕಾಗದ ಸುಲಭವಾಗಿ ಸಿಗುವಂತೆ ಮಾಡಿದರೂ ಅರ್ಧ ಕೆಲಸ ಆದಂತೆ.

ಊಟದ ಬಗ್ಗೆ ಒಂದು ಮಾತು ಹೇಳದಿದ್ದರೆ ನಮ್ಮ ಮನೆಯವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಬೆಳಗ್ಗೆ ಕರಿದ ಪೂರಿ ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನಕ್ಕೆ ಚರ್ಮವಾಗುತ್ತದೆ, ಆಲೂ ಪಲ್ಯ ಸಂಜೆಗೆ ಹಳಸುತ್ತದೆ. ಜೋಳದ ಖಡಕ್ ರೊಟ್ಟಿಗೆ ಅಂಥ ಭಯವಿಲ್ಲ. ಹದವಾಗಿ ಒಣಗಿಸಿದ ರೊಟ್ಟಿ ವಾರಗಟ್ಟಲೆ ಇರುತ್ತದೆ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳೂ ಅಷ್ಟೇ. ಒಲೆ ಬೇಡ, ಫ್ರಿಜ್ ಬೇಡ, ಚಮಚ ಬೇಡ. ಸುಗ್ಗಿಗೆ, ಜಾತ್ರೆಗೆ, ಗುಳೆಗೆ ಹೊರಟವರಿಗಾಗಿ ನಮ್ಮ ಅಜ್ಜಿಯರು ಕಂಡುಹಿಡಿದ ಪ್ಯಾಂಟ್ರಿ ಕಾರ್ ಅದು. ಕಲಬುರಗಿ ರೊಟ್ಟಿ ಎಂಬ ಹೆಸರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಈಗ ಅದನ್ನು ಮಾರುತ್ತಿವೆ. 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ ಬಾನುಲಿ ಮಾತಿನಲ್ಲಿ ಪ್ರಧಾನಿಯವರೇ ಅದನ್ನು ಹೊಗಳಿದರು. ನಿಮ್ಮ ಬಳಿ 2022ರಿಂದ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಎಂಬ ಯೋಜನೆಯಿದೆ. ಇವೆರಡನ್ನೂ ಕೂಡಿಸಲು ಯಾವ ಪಂಚಾಂಗ ನೋಡಬೇಕು? ನಾಲ್ಕು ರೊಟ್ಟಿ, ಒಂದು ಪೊಟ್ಟಣ ಹಿಂಡಿ, ಒಂದು ಉಳ್ಳಾಗಡ್ಡಿ. ಇಷ್ಟನ್ನು 20 ರೂಪಾಯಿಯ ಊಟದ ಪಟ್ಟಿಗೆ ಸೇರಿಸಿ, ಪೂರಿ ಬೇಕಾದವರಿಗೆ ಪೂರಿಯೂ ಇರಲಿ. ಅಂಗಡಿಯನ್ನು ಸಂಘದ ಹೆಣ್ಣುಮಕ್ಕಳಿಗೆ ಕೊಡುವಾಗ ಪರವಾನಗಿ ಶುಲ್ಕ ಎಷ್ಟು ಕೂಗುತ್ತೀರಿ ಎಂದು ಮಾತ್ರ ಕೇಳಬೇಡಿ, ಯಾಕೆಂದು ಮೇಲೆ ಹೇಳಿದ್ದೇನೆ.

ಬೀದರ್ ಕಡೆಯವರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ, ಅವರ ವಿಷಯ ಎರಡೇ ಮಾತಿನಲ್ಲಿ ಮುಗಿಸಿದೆನೆಂದು. ಬೀದರ್–ಕಲಬುರಗಿ ಹಳಿ ದಶಕಗಳ ಕಾಯುವಿಕೆಯ ನಂತರ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಆ ದಾರಿಯ ಸಣ್ಣ ನಿಲ್ದಾಣಗಳು ಹೊಸವು. ಹಳೆಯ ತಪ್ಪುಗಳು ಅಲ್ಲಿ ಇನ್ನೂ ಸಿಮೆಂಟಿನಲ್ಲಿ ಗಟ್ಟಿಯಾಗಿಲ್ಲ. ನಳ ಎಲ್ಲಿರಬೇಕು, ಅಂಗಡಿ ಎಲ್ಲಿರಬೇಕು ಎಂದು ಅಲ್ಲಿಂದಲೇ ಸರಿಯಾಗಿ ಗುರುತು ಹಾಕಲು ತೊಡಗಬಹುದು.

ದೂರು ಕೊಡಲು 139 ಎಂಬ ಸಹಾಯವಾಣಿ ಇದೆ ಎಂದು ನೀವು ಹೇಳುತ್ತೀರಿ. ಆ ದಿನ ನಾನು ಕರೆ ಮಾಡಿದೆ, ದಾಖಲಿಸಿಕೊಂಡರು, ಸೌಜನ್ಯದಿಂದಲೇ ಮಾತಾಡಿದರು. ಸ್ವಲ್ಪ ಹೊತ್ತಿಗೆ, ನಿಮ್ಮ ದೂರು ಪರಿಹಾರವಾಗಿದೆ ಎಂಬ ಸಂದೇಶ ಬಂತು. ಏನು ಪರಿಹಾರವಾಯಿತೋ ತಿಳಿಯಲಿಲ್ಲ. ನಳ ಇದ್ದಲ್ಲೇ ಇತ್ತು, ಚಪ್ಪಲಿ ಹಳಿಯ ಮೇಲೆಯೇ ಉಳಿದಿತ್ತು. ಆದ್ದರಿಂದ ಈ ಪತ್ರಕ್ಕೆ ಸಂದೇಶದ ಉತ್ತರ ಬೇಡ. ಬರುವ ಬೇಸಿಗೆಯ ಒಂದು ಮಧ್ಯಾಹ್ನ ನಿಮ್ಮಲ್ಲಿ ಯಾರಾದರೂ ಒಬ್ಬರು, ಜೊತೆಗೆ ಸಿಬ್ಬಂದಿಯನ್ನು ಕರೆತರದೆ, ಎರಡು ಖಾಲಿ ಬಾಟಲಿ ಹಿಡಿದು ಬನ್ನಿ. ನಿಲ್ದಾಣ ಯಾವುದೆಂದು ಆಗ ಕಿವಿಯಲ್ಲಿ ಹೇಳುತ್ತೇನೆ. ತುದಿಯ ಬೋಗಿಯ ಬಾಗಿಲಿನಿಂದ ಕೂಡಿಯೇ ಹೊರಡೋಣ. ಪ್ಲಾಟ್‌ಫಾರ್ಮ್ ಟಿಕೆಟ್ ನಾನು ತೆಗೆದಿಟ್ಟಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ,
ಕಲಬುರಗಿ